ಯುದ್ಧಕ್ಕೆ ಹೋಗದವರ ಪಾಲು

ಹಿಂಸೆಯ ಕರ್ತೃ ಯಾರು ಎಂಬ ಪ್ರಶ್ನೆಯನ್ನು ಲೌಕಿಕ ನ್ಯಾಯವು ಬಹುಮಟ್ಟಿಗೆ ಕೈಯನ್ನು ನೋಡಿ ನಿರ್ಣಯಿಸುತ್ತದೆ. ಆಯುಧವನ್ನು ಹಿಡಿದ ಕೈ ಯಾರದೋ ಅವನು ಅಪರಾಧಿ. ಅವನನ್ನು ಪ್ರೇರೇಪಿಸಿದವನಿದ್ದು, ಅದಕ್ಕೆ ಸಾಕ್ಷ್ಯ ದೊರೆತರೆ ಅವನಿಗೂ ಶಿಕ್ಷೆಯುಂಟು. ದೂರದಲ್ಲಿ ಸುರಕ್ಷಿತವಾಗಿ ಕುಳಿತು, ನಡೆದುಹೋದ ಕೃತ್ಯವನ್ನು ಮನಸ್ಸಿನಲ್ಲಿಯೇ ಮೆಚ್ಚಿಕೊಂಡವನನ್ನು ಮಾತ್ರ ಯಾವ ನ್ಯಾಯಾಲಯವೂ ಕರೆಯುವುದಿಲ್ಲ. ನಮ್ಮ ಆಚಾರ್ಯರು ಅವನನ್ನೂ ಕರೆದರು. ತಾನೇ ಮಾಡುವುದು ಕೃತ, ಪರರಿಂದ ಮಾಡಿಸುವುದು ಕಾರಿತ, ಪರರು ಮಾಡಿದುದನ್ನು ಒಪ್ಪಿ ಸಂತೋಷಿಸುವುದು ಅನುಮೋದನ. ಈ ಮೂರು ದ್ವಾರಗಳಿಂದಲೂ ಕರ್ಮದ ಆಸ್ರವವಾಗುತ್ತದೆ ಎಂಬುದು ಜೈನ ಸಿದ್ಧಾಂತದ ನಿಲವು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಇದರ ಲೆಕ್ಕವನ್ನೇ ಕೊಟ್ಟಿದ್ದಾರೆ. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕೃತ್ಯಕ್ಕೆ ತೊಡಗುವುದು ಆರಂಭ. ಈ ಮೂರು ಅವಸ್ಥೆಗಳು ಮನ, ವಚನ, ಕಾಯ ಎಂಬ ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯಿಂದಲೂ, ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳಿಂದಲೂ ಗುಣಿತವಾದರೆ ೧೦೮ ಆಗುತ್ತದೆ. ನಮ್ಮ ಜಪಮಾಲೆಯ ಮಣಿಗಳ ಸಂಖ್ಯೆಗೆ ಈ ಲೆಕ್ಕವನ್ನು ಕಾರಣವಾಗಿ ಹೇಳುವ ವಾಡಿಕೆಯುಂಟು. ಆದರೆ ದಿನವೂ ಉಚ್ಚರಿಸುವ ಮಾತು ಬರಬರುತ್ತ ನಾಲಗೆಯಲ್ಲಿಯೇ ಉಳಿದುಬಿಡುತ್ತದೆ. ಅದರ ಅರ್ಥವು ಮತ್ತೆ ಮನಸ್ಸಿಗೆ ತಟ್ಟಬೇಕಾದರೆ ಕೆಲವೊಮ್ಮೆ ಹೊರಗಿನ ಒಂದು ಗ್ರಂಥವು ನೆರವಾಗುವುದುಂಟು. ಅಂತಹ ಗ್ರಂಥವೊಂದನ್ನು ಸಹೃದಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅದು ಧರ್ಮಗ್ರಂಥವಲ್ಲ, ಜರ್ಮನ್ ಭಾಷೆಯ ಒಂದು ಯುದ್ಧ ಕಾದಂಬರಿ.

ಎರಿಕ್ ಮರಿಯಾ ರೆಮಾರ್ಕ್ ಬರೆದ ಈ ಕಾದಂಬರಿಯ ಮೂಲ ಹೆಸರಿನ ಅರ್ಥ ‘ಪಶ್ಚಿಮದಲ್ಲಿ ಹೊಸದೇನೂ ಇಲ್ಲ’ ಎಂದು. ಇಂಗ್ಲಿಷಿನಲ್ಲಿ ಅದು ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದು ಪ್ರಸಿದ್ಧವಾಗಿದೆ. ೧೯೨೮ರ ನವೆಂಬರಿನಿಂದ ಬರ್ಲಿನ್ನಿನ ಒಂದು ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ೧೯೨೯ರ ಜನವರಿಯಲ್ಲಿ ಪುಸ್ತಕವಾಯಿತು. ಲೇಖಕನು ೧೮೯೮ರಲ್ಲಿ ಓಸ್ನಾಬ್ರ್ಯುಕ್ ಪಟ್ಟಣದಲ್ಲಿ ಹುಟ್ಟಿದವನು. ಹದಿನೆಂಟನೆಯ ವಯಸ್ಸಿನಲ್ಲಿ, ೧೯೧೬ರಲ್ಲಿ, ಅವನಿಗೆ ಸೈನ್ಯದ ಕರೆ ಬಂದಿತು. ೧೯೧೭ರ ಬೇಸಿಗೆಯಲ್ಲಿ ಪಶ್ಚಿಮದ ರಣರಂಗಕ್ಕೆ ಹೋದವನು ಜುಲೈ ೩೧ರಂದು ಗುಂಡಿನ ಚೂರುಗಳಿಂದ ಗಾಯಗೊಂಡು ಆಸ್ಪತ್ರೆಯನ್ನು ಸೇರಿದನು. ಅವನು ರಣರಂಗದಲ್ಲಿದ್ದುದು ಕೆಲವೇ ವಾರಗಳೆಂದು ವಿರೋಧಿಗಳು ಹಂಗಿಸಿದ್ದುಂಟು. ಅದೇ ರಣರಂಗದಲ್ಲಿ ಹೆಚ್ಚು ಕಾಲ ಕಾದಾಡಿ, ಹಲವು ಬಾರಿ ಗಾಯಗೊಂಡ ಅರ್ನ್‌ಸ್ಟ್ ಯ್ಯೂಂಗರ್ ಎಂಬ ಮತ್ತೊಬ್ಬ ಜರ್ಮನ್ ಲೇಖಕನು ೧೯೨೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಯುದ್ಧವನ್ನು ಪುರುಷಾರ್ಥದ ಅಗ್ನಿಪರೀಕ್ಷೆಯೆಂಬಂತೆ ಕಂಡಿದ್ದಾನೆ. ಆದುದರಿಂದ ರೆಮಾರ್ಕನ ಕಾದಂಬರಿಯನ್ನು ಯುದ್ಧದ ಕುರಿತ ಕೊನೆಯ ತೀರ್ಪೆಂದು ಭಾವಿಸಬೇಕಾಗಿಲ್ಲ. ಅದು ಎತ್ತುವ ಒಂದು ಪ್ರಶ್ನೆ ಮಾತ್ರ ನಮಗಿಲ್ಲಿ ಮುಖ್ಯವಾದುದು. ಹುಡುಗನೊಬ್ಬನು ಕೊಂದಾಗ ಕೊಂದವರು ಯಾರು ಯಾರು?

ಕಥೆಯನ್ನು ಹೇಳುವವನು ಪೌಲ್ ಬಾಯ್ಮರ್ ಎಂಬ ಹತ್ತೊಂಬತ್ತು ಇಪ್ಪತ್ತರ ಪ್ರಾಯದ ಸೈನಿಕ. ಅವನೂ ಅವನ ಸಹಪಾಠಿಗಳೂ ಶಾಲೆಯ ಬೆಂಚಿನಿಂದ ನೇರವಾಗಿ ರಣರಂಗಕ್ಕೆ ಬಂದವರು. ಅವರ ಉಪಾಧ್ಯಾಯನಾದ ಕಾಂಟೊರೆಕ್ ಎಂಬುವನು ತರಗತಿಯಲ್ಲಿ ದೇಶಾಭಿಮಾನದ ಉಪನ್ಯಾಸಗಳನ್ನು ಮಾಡಿ ಮಾಡಿ, ಕೊನೆಗೆ ಇಡೀ ತರಗತಿಯನ್ನೇ ಕರೆದುಕೊಂಡು ಹೋಗಿ ಸೈನ್ಯದ ಕಚೇರಿಯಲ್ಲಿ ಹೆಸರು ಬರೆಸಿದನು. ಯೋಸೆಫ್ ಬೇಮ್ ಎಂಬ ಸಾಧುಸ್ವಭಾವದ ಹುಡುಗನೊಬ್ಬನು ಮಾತ್ರ ಹಿಂಜರಿದನು. ಆದರೆ ಹಿಂಜರಿದವನಿಗೆ ಆ ದಿನಗಳಲ್ಲಿ ಊರಿನಲ್ಲಿ ಮುಖವಿರಲಿಲ್ಲ. ಹೆತ್ತವರೂ ‘ಹೇಡಿ’ ಎಂಬ ಮಾತನ್ನು ತುದಿನಾಲಗೆಯಲ್ಲಿ ಇಟ್ಟುಕೊಂಡಿದ್ದ ಕಾಲವದು. ಬೇಮನೂ ಹೋದನು, ಮೊದಲು ಮಡಿದವರಲ್ಲಿ ಒಬ್ಬನಾದನು. ಕಣ್ಣಿಗೆ ಪೆಟ್ಟು ಬಿದ್ದು ಸತ್ತನೆಂದು ಜೊತೆಗಾರರು ಬಿಟ್ಟುಬಂದ ಮೇಲೆ, ಎಚ್ಚರಗೊಂಡು ಕಾಣದ ಕಣ್ಣಿನಿಂದ ತೆವಳುತ್ತಿದ್ದಾಗ, ಯಾರೂ ಹೋಗಿ ಕರೆತರುವ ಮುನ್ನವೇ ಗುಂಡಿಗೆ ಬಲಿಯಾದನು.

ಕಾಂಟೊರೆಕ್ ದುಷ್ಟನೆ? ಕಾದಂಬರಿಯು ಹಾಗೆ ಹೇಳುವುದಿಲ್ಲ. ಅವನಂತಹವರು ಸಾವಿರಾರು ಜನ ಇದ್ದರು, ಎಲ್ಲರೂ ತಾವು ಒಳಿತನ್ನೇ ಮಾಡುತ್ತಿದ್ದೇವೆಂದು ನಂಬಿದ್ದರು, ಆ ಒಳಿತಿಗಾಗಿ ಅವರು ತೆರಬೇಕಾದ ಬೆಲೆ ಏನೂ ಇರಲಿಲ್ಲ ಎಂಬ ಅರ್ಥದ ಮಾತನ್ನು ಪೌಲ್ ಆಡುತ್ತಾನೆ. ಈ ಕೊನೆಯ ಅಂಶವನ್ನು ನಾವು ಗಮನಿಸಬೇಕು. ಉಪಾಧ್ಯಾಯನ ತಪ್ಪು ದೇಶವನ್ನು ಪ್ರೀತಿಸಿದ್ದರಲ್ಲಿಲ್ಲ. ಪರರ ಪ್ರಾಣವನ್ನು ತನ್ನ ದಾನವೆಂಬಂತೆ ಎತ್ತಿಕೊಟ್ಟದ್ದರಲ್ಲಿದೆ. ದಾನಕ್ಕೆ ಸ್ವತ್ವತ್ಯಾಗವೇ ಲಕ್ಷಣ. ತನ್ನದಲ್ಲದುದನ್ನು ಕೊಟ್ಟರೆ ಅದು ದಾನವಾಗದು ಎಂಬುದು ಶ್ರಾವಕಧರ್ಮದ ಮೊದಲ ಪಾಠಗಳಲ್ಲಿ ಒಂದಲ್ಲವೆ?

ಸೂತ್ರಕಾರರು ಹೇಳಿದ ಮೂರು ಅವಸ್ಥೆಗಳು ಈ ಕಥೆಯಲ್ಲಿ ಮೂರು ಸ್ಥಳಗಳಾಗಿ ಕಾಣಿಸಿಕೊಳ್ಳುತ್ತವೆ. ಸಂರಂಭವು ನಡೆದದ್ದು ತರಗತಿಯಲ್ಲಿ, ಕರಿಹಲಗೆಯ ಮುಂದೆ. ಸಮಾರಂಭವು ನಡೆದದ್ದು ಹತ್ತು ವಾರಗಳ ಸೈನಿಕ ಶಿಕ್ಷಣದಲ್ಲಿ. ಅಲ್ಲಿ ಹಿಮ್ಮೆಲ್‌ಸ್ಟೋಸ್ ಎಂಬ ಕಾರ್ಪೊರಲ್, ಊರಿನಲ್ಲಿ ಕಾಗದ ಹಂಚುತ್ತಿದ್ದ ಅಂಚೆಯವನು, ಅಧಿಕಾರದ ಒಂದು ಪಟ್ಟಿ ತೋಳಿಗೆ ಬಂದೊಡನೆ ಹುಡುಗರನ್ನು ಕೆಸರಿನಲ್ಲಿ ಹೊರಳಾಡಿಸಿ, ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸಿ, ಅವರಲ್ಲಿದ್ದ ಮಾರ್ದವವನ್ನು ಕಳೆದುಹಾಕುತ್ತಾನೆ. ಆರಂಭವು ನಡೆಯುವುದು ಕಂದಕದಲ್ಲಿ. ಲೋಕವು ಈ ಮೂರನೆಯದನ್ನು ಮಾತ್ರ ಯುದ್ಧವೆಂದು ಕರೆಯುತ್ತದೆ. ಸೈನಿಕನ ಕೈ ಏಳುವ ವೇಳೆಗೆ ಲೆಕ್ಕದ ಬಹುಭಾಗ ಆಗಲೇ ಸಂದುಹೋಗಿರುತ್ತದೆ ಎಂಬುದನ್ನು ಸೂತ್ರವೂ ಕಾದಂಬರಿಯೂ ತಮ್ಮ ತಮ್ಮ ರೀತಿಯಲ್ಲಿ ತೋರಿಸುತ್ತವೆ.

ಇನ್ನು ಕಷಾಯಗಳನ್ನು ವಿಚಾರಿಸೋಣ. ರಣರಂಗವೆಂದರೆ ಕ್ರೋಧದ ಕ್ಷೇತ್ರ, ಊರೆಂದರೆ ಶಾಂತಿಯ ತಾಣ ಎಂಬುದು ನಮ್ಮ ಸಾಮಾನ್ಯ ಕಲ್ಪನೆ. ಈ ಗ್ರಂಥವನ್ನು ಓದಿದವರಿಗೆ ಆ ಕಲ್ಪನೆ ತಿರುವುಮುರುವಾಗುತ್ತದೆ. ಮಾನಕಷಾಯವು ತನ್ನ ಶಿಷ್ಯರ ಶೌರ್ಯದಿಂದ ತಾನು ಉಬ್ಬಿದ ಉಪಾಧ್ಯಾಯನಲ್ಲಿದೆ. ಲೋಭವು ಹೋಟೆಲಿನ ಮೇಜಿನ ಸುತ್ತ ಕುಳಿತ ಹಿರಿಯರಲ್ಲಿದೆ. ರಜೆಯಲ್ಲಿ ಊರಿಗೆ ಬಂದ ಪೌಲನಿಗೆ ಅವರು ಸತ್ಕಾರ ಮಾಡುತ್ತಾರೆ. ಬೆಲ್ಜಿಯಂ ಪೂರ್ತಿಯಾಗಿ ನಮಗೆ ಬೇಕು, ಫ್ರಾನ್ಸಿನ ಕಲ್ಲಿದ್ದಲಿನ ಸೀಮೆ ಬೇಕು, ರಷ್ಯಾದಲ್ಲಿ ಇಷ್ಟು ಭಾಗ ಬೇಕು ಎಂದು ಭೂಪಟವನ್ನು ಹಂಚಿಕೊಳ್ಳುತ್ತಾರೆ. ಅಲ್ಲಿಯ ನಿಜಸ್ಥಿತಿಯನ್ನು ಅವನು ಹೇಳಹೊರಟರೆ ನಿನಗೆ ಸಮಗ್ರ ದೃಷ್ಟಿಯಿಲ್ಲವೆಂದು ಬಾಯಿ ಮುಚ್ಚಿಸುತ್ತಾರೆ. ಮಾಯೆಯು ಸರಕಾರದ ಪ್ರಕಟಣೆಗಳಲ್ಲಿದೆ. ಆ ದೊಡ್ಡ ಸುಳ್ಳಿನಿಂದ ಹುಟ್ಟಿದ ಸಣ್ಣ ಸುಳ್ಳೊಂದನ್ನು ಪೌಲನೇ ಹೊರಬೇಕಾಗುತ್ತದೆ. ಕಾಲನ್ನು ಕಳೆದುಕೊಂಡು ಆಸ್ಪತ್ರೆಯಲ್ಲಿ ನರಳಿ ಸತ್ತ ಗೆಳೆಯ ಕೆಮ್ಮರಿಖನ ತಾಯಿ ಕೇಳಿದಾಗ, ಅವನು ನೋವಿಲ್ಲದೆ ಕ್ಷಣದಲ್ಲಿ ಸತ್ತನೆಂದು ಆಣೆಯಿಟ್ಟು ಹೇಳುತ್ತಾನೆ. ಸತ್ಯವ್ರತಕ್ಕೆ ಭಂಗ ಬಂದಿತೆಂದು ಆ ಹುಡುಗನನ್ನು ದೂಷಿಸುವ ಮುನ್ನ, ಅವನನ್ನು ಆ ಬಾಗಿಲಿನಲ್ಲಿ ತಂದು ನಿಲ್ಲಿಸಿದವರು ಯಾರೆಂದು ಕೇಳಬೇಕಾಗುತ್ತದೆ.

ಹಾಗಾದರೆ ಕಂದಕದಲ್ಲಿರುವವರಲ್ಲಿ ಏನಿದೆ? ದಾಳಿಯ ಗಳಿಗೆಯಲ್ಲಿ ಅವರಲ್ಲಿ ರೋಷವಿಲ್ಲವೆಂದಲ್ಲ. ಕೈಕಟ್ಟಿ ಕುಳಿತು ದಿನಗಟ್ಟಲೆ ಗುಂಡಿನ ಮಳೆಯನ್ನು ಸಹಿಸಿದವರು ಒಮ್ಮೆಲೇ ಮೃಗಗಳಂತಾಗುತ್ತಾರೆಂದು ಪೌಲನೇ ಒಪ್ಪಿಕೊಳ್ಳುತ್ತಾನೆ. ಆದರೆ ಆ ರೋಷವು ಎದುರಾಳಿಯ ಮೇಲಿನ ದ್ವೇಷಕ್ಕಿಂತ ಸಾವಿನ ಮೇಲಿನ ದಿಗಿಲೇ ಆಗಿದೆ. ವ್ಯಕ್ತಿಯೊಬ್ಬನ ಮೇಲೆ ಆ ಹುಡುಗರಿಗೆ ಸಿಟ್ಟಿದ್ದರೆ ಅದು ತಮ್ಮವನೇ ಆದ ಹಿಮ್ಮೆಲ್‌ಸ್ಟೋಸನ ಮೇಲೆ. ರಷ್ಯನ್ ಸೆರೆಯಾಳುಗಳನ್ನು ಕಾಯುತ್ತ ನಿಂತ ಪೌಲನಿಗೆ ಅವರು ತನ್ನೂರಿನ ಸಾಧು ರೈತರಂತೆ ಕಾಣುತ್ತಾರೆ. ತಮಗಾರಿಗೂ ಪರಿಚಯವಿಲ್ಲದ ಕೆಲವರು ಎಲ್ಲೋ ಒಂದು ಕಾಗದಕ್ಕೆ ಸಹಿ ಹಾಕಿದ್ದರಿಂದ ಇವರು ಶತ್ರುಗಳಾದರು, ಇನ್ನೊಂದು ಸಹಿಯಿಂದ ಮಿತ್ರರಾದಾರು ಎಂದು ಅವನು ಯೋಚಿಸುತ್ತಾನೆ. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಕಷಾಯಗಳು ಊರಿನಲ್ಲಿದ್ದವು; ರಣರಂಗದಲ್ಲಿ ಹೆಚ್ಚಾಗಿ ಇದ್ದುದು ಭಯವೆಂಬ ನೋಕಷಾಯ.

ದ್ಯುವಾಲನ ಪ್ರಸಂಗದಲ್ಲಿ ಇದು ನಿಚ್ಚಳವಾಗುತ್ತದೆ. ರಾತ್ರಿ ಗಸ್ತಿಗೆ ಹೋಗಿ ದಾರಿ ತಪ್ಪಿದ ಪೌಲ್ ಗುಂಡು ಬಿದ್ದು ಉಂಟಾದ ಹಳ್ಳವೊಂದರಲ್ಲಿ ಅಡಗಿ ಕುಳಿತಿರುತ್ತಾನೆ. ಅಷ್ಟರಲ್ಲಿ ಫ್ರೆಂಚ್ ಸೈನಿಕನೊಬ್ಬನು ಆ ಹಳ್ಳಕ್ಕೆ, ಇವನ ಮೈಮೇಲೆಯೇ, ಬೀಳುತ್ತಾನೆ. ಯೋಚನೆಗೆ ಎಡೆಯಿಲ್ಲದೆ ಪೌಲನ ಕೈಯ ಕಠಾರಿ ಇರಿದುಬಿಡುತ್ತದೆ. ಆದರೆ ಆ ಮನುಷ್ಯ ಕೂಡಲೇ ಸಾಯುವುದಿಲ್ಲ. ಬೆಳಕು ಹರಿಯುತ್ತದೆ, ಹೊರಗೆ ಗುಂಡು ಹಾರುತ್ತಿರುವುದರಿಂದ ಪೌಲ್ ಕದಲುವಂತಿಲ್ಲ. ತಾನು ಇರಿದವನ ಉಸಿರಿನ ಸದ್ದನ್ನು ಕೇಳುತ್ತ ಅವನು ಹಗಲನ್ನು ಕಳೆಯಬೇಕಾಗುತ್ತದೆ. ಹಳ್ಳದ ನೀರನ್ನು ಬೊಗಸೆಯಲ್ಲಿ ತಂದು ಕುಡಿಸುತ್ತಾನೆ. ಗಾಯಗಳಿಗೆ ಬಟ್ಟೆ ಕಟ್ಟುತ್ತಾನೆ. ಮಧ್ಯಾಹ್ನ ಆ ಮನುಷ್ಯ ಸತ್ತ ಮೇಲೆ ಅವನ ಚೀಲವನ್ನು ತೆರೆದರೆ ಹೆಂಡತಿಯ ಮತ್ತು ಪುಟ್ಟ ಮಗಳ ಭಾವಚಿತ್ರಗಳು. ಜೆರಾರ್ ದ್ಯುವಾಲ್ ಎಂಬ ಹೆಸರು. ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ವೃತ್ತಿ. ಪೌಲ್ ಶವದ ಮುಂದೆ ಕ್ಷಮೆ ಬೇಡುತ್ತಾನೆ. ನಿನ್ನ ಮನೆಯವರಿಗೆ ನೆರವಾಗುತ್ತೇನೆ, ಬದುಕಿ ಉಳಿದರೆ ನಮ್ಮಿಬ್ಬರನ್ನೂ ಕೆಡಿಸಿದ ಇದರ ವಿರುದ್ಧ ಹೋರಾಡುತ್ತೇನೆ ಎಂದು ಮಾತು ಕೊಡುತ್ತಾನೆ.

ಕಾದಂಬರಿಕಾರನು ಇಲ್ಲಿಗೇ ನಿಲ್ಲಿಸಿದ್ದರೆ ಅದು ಪಶ್ಚಾತ್ತಾಪದ ಸುಂದರ ಕಥೆಯಾಗುತ್ತಿತ್ತು. ಅವನು ಮುಂದುವರಿಯುತ್ತಾನೆ. ಪೌಲ್ ತನ್ನವರ ಬಳಿಗೆ ಮರಳಿದ ಮೇಲೆ, ಒಳ್ಳೆಯವರೇ ಆದ ಅವನ ಗೆಳೆಯರು ಸಮಾಧಾನ ಹೇಳುತ್ತಾರೆ: ನೀನು ಬೇರೇನು ಮಾಡಬಹುದಿತ್ತು? ಅಲ್ಲಿಯೇ ದೂರದರ್ಶಕವಿರುವ ಬಂದೂಕನ್ನು ಹಿಡಿದ ಒಬ್ಬನು ಎದುರು ಪಕ್ಷದವರನ್ನು ಗುರಿಯಿಟ್ಟು ಹೊಡೆದು, ಎಷ್ಟು ಮಂದಿ ಉರುಳಿದರೆಂದು ಲೆಕ್ಕ ಹಾಕಿ ಹಿಗ್ಗುತ್ತಿದ್ದಾನೆ. ಅದನ್ನು ನೋಡಿ ಪೌಲನ ಮನಸ್ಸು ಮೆಲ್ಲನೆ ಒಪ್ಪಿಕೊಳ್ಳುತ್ತದೆ. ಕೊಟ್ಟ ಮಾತು ಕರಗುತ್ತದೆ. ಹಳ್ಳದಲ್ಲಿ ಒಬ್ಬಂಟಿಯಾಗಿದ್ದಾಗ ಹುಟ್ಟಿದ್ದ ಪ್ರತಿಕ್ರಮಣವನ್ನು ಸುತ್ತಲಿನವರ ಸೌಮ್ಯವಾದ ಅನುಮೋದನವು ಒಂದೇ ದಿನದಲ್ಲಿ ಅಳಿಸಿಹಾಕಿತು. ಅನುಮೋದನವೆಂದರೆ ಪಾಪದಲ್ಲಿ ಅತ್ಯಂತ ಹಗುರವಾದ ಪಾಲೆಂದು ನಾವು ಭಾವಿಸುತ್ತೇವೆ. ಪಶ್ಚಾತ್ತಾಪಕ್ಕೆ ತೆರೆದ ಬಾಗಿಲನ್ನು ಮುಚ್ಚುವ ಶಕ್ತಿ ಅದಕ್ಕಿದೆ ಎಂಬುದನ್ನು ಈ ಪ್ರಸಂಗ ಕಲಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪಾಪದ ಹೊರೆಯನ್ನು ಉಪಾಧ್ಯಾಯರಿಗೂ ಊರಿನವರಿಗೂ ಹಂಚಿದರೆ ಇರಿದವನ ಹೊರೆ ಇಳಿದಂತಾಗುವುದಿಲ್ಲವೆ? ನಮ್ಮ ಸಿದ್ಧಾಂತವು ಇದನ್ನು ಒಪ್ಪುವುದಿಲ್ಲ. ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಫಲವು ಕೈಗಳ ಎಣಿಕೆಯನ್ನು ಅನುಸರಿಸುವುದಿಲ್ಲವೆಂದು ತೋರಿಸಿದ್ದಾರೆ. ಮಾಡಿದವನು ಒಬ್ಬನೇ ಆದರೂ ಫಲಭಾಗಿಗಳು ಹಲವರಾಗಬಹುದು, ಮಾಡಿದವರು ಹಲವರಾದರೂ ಫಲಭಾಗಿ ಒಬ್ಬನಾಗಬಹುದು, ಭಾವವೇ ಅದಕ್ಕೆ ಪ್ರಮಾಣ ಎಂಬುದು ಅಲ್ಲಿನ ತಾತ್ಪರ್ಯ. ಆದರೆ ಈ ಪಾಲು ಪಿತ್ರಾರ್ಜಿತ ಆಸ್ತಿಯ ಪಾಲಿನಂತಲ್ಲ. ಆಸ್ತಿಯನ್ನು ಹಂಚಿದರೆ ಒಬ್ಬೊಬ್ಬನಿಗೆ ಬರುವುದು ಕಡಿಮೆಯಾಗುತ್ತದೆ. ಪಾಪದ ಪಾಲು ಒಂದು ದೀಪದಿಂದ ಇನ್ನೊಂದನ್ನು ಹೊತ್ತಿಸಿದಂತೆ. ಎರಡನೆಯದು ಹೊತ್ತಿಕೊಂಡಿತೆಂದು ಮೊದಲನೆಯದು ಕುಂದುವುದಿಲ್ಲ. ಪೌಲನಿಗೆ ಅವನ ಭಾವಕ್ಕೆ ತಕ್ಕ ಬಂಧ. ಕಾಂಟೊರೆಕನಿಗೆ ಅವನ ಭಾವಕ್ಕೆ ತಕ್ಕುದು. ಪ್ರಾಣಭಯದ ಕ್ಷಣದಲ್ಲಿ ಇರಿದವನ ಪರಿಣಾಮಕ್ಕಿಂತ, ನಿರಾತಂಕವಾಗಿ ಕುಳಿತು ಹಿಗ್ಗಿದವನ ಪರಿಣಾಮವು ಹೆಚ್ಚು ಕಲುಷಿತವಾಗಿರಬಹುದಲ್ಲವೆ ಎಂಬುದಷ್ಟೇ ನಾವು ವಿಚಾರಿಸಬೇಕಾದ ಮಾತು.

ಮೂರರಲ್ಲಿ ಯಾವುದೊಂದೂ ಇಲ್ಲದೆ ಆ ಯುದ್ಧದಲ್ಲಿ ಪ್ರಾಣ ತೆತ್ತ ಜೀವಗಳೂ ಉಂಟು. ಕಾದಂಬರಿಯ ಒಂದು ರಾತ್ರಿಯಲ್ಲಿ ಗಾಯಗೊಂಡ ಕುದುರೆಗಳ ಆಕ್ರಂದನವು ಕೇಳಿಸುತ್ತದೆ. ಮನುಷ್ಯರ ನರಳಾಟಕ್ಕೆ ಒಗ್ಗಿಹೋದ ಸೈನಿಕರಿಗೂ ಅದು ಸಹಿಸಲಾರದ ದನಿ. ಡೆಟರಿಂಗ್ ಎಂಬ ರೈತನು ಕುದುರೆಗಳನ್ನು ಯುದ್ಧಕ್ಕೆ ಎಳೆತಂದುದೇ ಎಲ್ಲಕ್ಕಿಂತ ನೀಚವಾದ ಕೃತ್ಯವೆಂದು ಕೂಗಾಡುತ್ತಾನೆ. ಪಿಂಜರಾಪೋಲುಗಳನ್ನೂ ಗೋಶಾಲೆಗಳನ್ನೂ ನಡೆಸಿಕೊಂಡು ಬಂದಿರುವ ಸಮಾಜಕ್ಕೆ ಆ ರೈತನ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕುದುರೆಯು ಯುದ್ಧವನ್ನು ಮಾಡಲಿಲ್ಲ, ಮಾಡಿಸಲಿಲ್ಲ, ಮೆಚ್ಚಲೂ ಇಲ್ಲ.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಗೃಹಸ್ಥನಿಗೆ ವಿರೋಧಿ ಹಿಂಸೆಯು ಪೂರ್ತಿಯಾಗಿ ನಿಷಿದ್ಧವಲ್ಲ. ದೇಶದ ಮೇಲೆ, ಆಶ್ರಿತರ ಮೇಲೆ ದಾಳಿ ನಡೆದಾಗ ಎದುರಿಸಿ ನಿಲ್ಲುವುದು ಅವನ ಕರ್ತವ್ಯಗಳಲ್ಲಿ ಸೇರಿದೆ. ಅವನು ಬಿಡಲೇಬೇಕಾದುದು ಸಂಕಲ್ಪಿ ಹಿಂಸೆ. ಶ್ರವಣಬೆಳಗೊಳದ ಮಹಾಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದವನು, ರಣರಂಗದಲ್ಲಿ ಪಡೆದ ಬಿರುದುಗಳನ್ನು ಧರಿಸಿದ್ದವನು. ಹೀಗಿರುವಾಗ ಕರ್ನಾಟಕದ ಜೈನರು ಯುದ್ಧವೆಂಬ ಮಾತಿಗೇ ಬೆನ್ನು ತಿರುಗಿಸುವುದು ತಮ್ಮ ಇತಿಹಾಸವನ್ನೇ ಮರೆತಂತಾಗುತ್ತದೆ. ಇದು ನಿಜ. ಆದರೆ ಅದೇ ಚಾವುಂಡರಾಯನು ಬೆಟ್ಟದ ಮೇಲೆ ನಿಲ್ಲಿಸಿದ್ದು ಯಾರ ಮೂರ್ತಿಯನ್ನು? ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ಬಿಟ್ಟವನ ಮೂರ್ತಿಯನ್ನು.

ಭರತ ಬಾಹುಬಲಿಗಳ ಕಥೆಯಲ್ಲಿ ನಾವು ಸಾಮಾನ್ಯವಾಗಿ ವೈರಾಗ್ಯದ ಭಾಗವನ್ನು ಹೆಚ್ಚಾಗಿ ನೆನೆಯುತ್ತೇವೆ. ಅದಕ್ಕೆ ಮುಂಚಿನ ಒಂದು ಘಟ್ಟವನ್ನು ಬೇಗನೆ ದಾಟಿಬಿಡುತ್ತೇವೆ. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿಯೂ, ೯೪೧ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿಯೂ ಆ ಘಟ್ಟವಿದೆ. ಎರಡು ಸೇನೆಗಳು ಎದುರೆದುರು ನಿಂತಾಗ ಉಭಯ ಪಕ್ಷದ ಮಂತ್ರಿಗಳು ಆಲೋಚಿಸುತ್ತಾರೆ. ಚರಮಶರೀರಿಗಳಾದ ಈ ಅಣ್ಣತಮ್ಮಂದಿರಿಗೆ ಯುದ್ಧದಿಂದ ಆಗುವ ಕೇಡಿಲ್ಲ, ನಡುವೆ ನಾಶವಾಗುವುದು ನಿರಪರಾಧಿಗಳಾದ ಸೈನಿಕರು ಎಂದು ಮನಗಾಣುತ್ತಾರೆ. ಕಲಹವಿರುವವರೇ ತಮ್ಮೊಳಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ತೀರ್ಮಾನಿಸಿಕೊಳ್ಳಲಿ ಎಂದು ನಿಶ್ಚಯಿಸುತ್ತಾರೆ. ಸಾವಿರ ವರ್ಷಗಳ ಅನಂತರ, ಈ ಪುರಾಣದ ಹೆಸರನ್ನೂ ಕೇಳಿರದ ಜರ್ಮನ್ ಕಾದಂಬರಿಯಲ್ಲಿ ಕ್ರಾಪ್ ಎಂಬ ಹುಡುಗನು ಅದೇ ಮಾತನ್ನು ತಮಾಷೆಗೆಂಬಂತೆ ಆಡುತ್ತಾನೆ. ಯುದ್ಧ ಘೋಷಣೆಯನ್ನು ಒಂದು ಜಾತ್ರೆಯಂತೆ ಏರ್ಪಡಿಸಬೇಕು. ಟಿಕೇಟಿಟ್ಟು ಜನರನ್ನು ಒಳಗೆ ಬಿಡಬೇಕು. ಎರಡೂ ದೇಶಗಳ ಮಂತ್ರಿಗಳೂ ಸೇನಾಪತಿಗಳೂ ಈಜುಚಡ್ಡಿ ತೊಟ್ಟು, ದೊಣ್ಣೆ ಹಿಡಿದು, ಅಖಾಡದಲ್ಲಿ ಬಡಿದಾಡಬೇಕು. ಉಳಿದವನ ದೇಶ ಗೆದ್ದಂತೆ. ಪುರಾಣದ ಮಂತ್ರಿಗಳು ಗಂಭೀರವಾಗಿ ಆಡಿದ ಮಾತು ಇಪ್ಪತ್ತನೆಯ ಶತಮಾನದಲ್ಲಿ ಸೈನಿಕರ ನಗೆಮಾತಾಗಿ ಉಳಿಯಿತು. ಅಂತಹ ಮಂತ್ರಿಗಳು ಇಲ್ಲದುದರಿಂದಲೇ ೧೯೧೪ರಿಂದ ೧೯೧೮ರವರೆಗಿನ ಯುದ್ಧದಲ್ಲಿ ತೊಂಬತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಮಡಿದರು; ಜರ್ಮನಿಯೊಂದರಲ್ಲಿಯೇ ಸುಮಾರು ಇಪ್ಪತ್ತು ಲಕ್ಷ.

ಆ ಯುದ್ಧವು ನಮಗೆ ಹೊರಗಿನದೂ ಆಗಿರಲಿಲ್ಲ. ಹತ್ತು ಲಕ್ಷಕ್ಕೂ ಮೇಲ್ಪಟ್ಟು ಭಾರತೀಯರು ಸಮುದ್ರವನ್ನು ದಾಟಿ ಹೋದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಮೈಸೂರು ಸಂಸ್ಥಾನದ ಅಶ್ವದಳವು ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಅಶ್ವದಳದೊಡನೆ ಪ್ಯಾಲೆಸ್ತೀನಿನ ಹೈಫಾ ಪಟ್ಟಣದ ಮೇಲಿನ ದಾಳಿಯಲ್ಲಿ ಪಾಲ್ಗೊಂಡಿತು. ಅದೇ ವರ್ಷ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಮಹಾತ್ಮಾ ಗಾಂಧಿಯವರು ಸೈನ್ಯಕ್ಕೆ ಜನರನ್ನು ಸೇರಿಸಲು ಹಳ್ಳಿಯಿಂದ ಹಳ್ಳಿಗೆ ನಡೆದರು. ಕೆಲವೇ ತಿಂಗಳ ಹಿಂದೆ ಸತ್ಯಾಗ್ರಹದಲ್ಲಿ ಅವರೊಡನೆ ನಿಂತಿದ್ದ ಜನರೇ, ಅಹಿಂಸೆಯನ್ನು ಸಾರುವ ತಾವು ನಮ್ಮ ಕೈಗೆ ಬಂದೂಕು ಕೊಡುವುದು ಹೇಗೆಂದು ಕೇಳಿದರು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚಿಡಲಿಲ್ಲ. ೧೯೧೪ರಲ್ಲಿ ಲಂಡನ್ನಿನಲ್ಲಿ ಗಾಯಾಳುಗಳ ಶುಶ್ರೂಷೆಗೆಂದು ತಾವು ಕಟ್ಟಿದ ದಳವನ್ನು ಕುರಿತು ಬರೆಯುವಾಗಲೂ, ಯುದ್ಧದಲ್ಲಿ ಶುಶ್ರೂಷೆ ಮಾಡುವವನು ಯುದ್ಧದ ದೋಷದಿಂದ ಮುಕ್ತನಾಗಲಾರನೆಂದು ಅವರು ಸ್ಪಷ್ಟವಾಗಿ ಒಪ್ಪಿದ್ದಾರೆ. ಆ ಕಾರ್ಯವು ಸರಿಯೊ ತಪ್ಪೊ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಕಾರಿತದ ಹೊಣೆ ತನ್ನದೆಂದು ತಿಳಿದು ಮಾಡುವುದಕ್ಕೂ, ತಿಳಿಯದೆ ಹೆಮ್ಮೆಯಿಂದ ಮಾಡುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಗಾಂಧೀಜಿಯವರನ್ನೂ ಕಾಂಟೊರೆಕನನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರು ಅರಿತುಕೊಳ್ಳಬಹುದು.

ಅನುಮೋದನವಿಲ್ಲದೆ ಯುದ್ಧವು ನಡೆಯಲಾರದು ಎಂಬ ಸತ್ಯವನ್ನು ಯುದ್ಧಪ್ರಿಯರು ನಮಗಿಂತ ಚೆನ್ನಾಗಿ ಬಲ್ಲರು. ಈ ಕಾದಂಬರಿಯ ಮುಂದಿನ ಚರಿತ್ರೆಯೇ ಇದಕ್ಕೆ ನಿದರ್ಶನ. ೧೯೩೦ರಲ್ಲಿ ಅಮೆರಿಕದಲ್ಲಿ ತಯಾರಾದ ಇದರ ಚಲನಚಿತ್ರವು ಆ ವರ್ಷದ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿತವಾದಾಗ, ಗೆಬೆಲ್ಸನ ಮುಂದಾಳುತನದಲ್ಲಿ ನಾಜಿಗಳು ಚಿತ್ರಮಂದಿರದೊಳಗೆ ಬಿಳಿ ಇಲಿಗಳನ್ನು ಬಿಟ್ಟು ಗಲಭೆಯೆಬ್ಬಿಸಿದರು. ಕೆಲವೇ ದಿನಗಳಲ್ಲಿ ಚಿತ್ರಕ್ಕೆ ನಿಷೇಧ ಬಂದಿತು. ೧೯೩೩ರ ಮೇ ೧೦ರಂದು ಪುಸ್ತಕವನ್ನು ಬೆಂಕಿಗೆ ಹಾಕಿದರು. ೧೯೩೮ರಲ್ಲಿ ಲೇಖಕನ ಪೌರತ್ವವನ್ನು ಕಿತ್ತುಕೊಂಡರು. ಅವನು ದೇಶದ ಹೊರಗಿದ್ದು ಬದುಕಿಕೊಂಡನು. ಆದರೆ ಜರ್ಮನಿಯಲ್ಲಿಯೇ ಉಳಿದಿದ್ದ ಅವನ ತಂಗಿ ಎಲ್‌ಫ್ರೀಡ್ ಶೋಲ್ಟ್ಸ್ ಎಂಬಾಕೆಯು, ಯುದ್ಧವು ಸೋತೇ ಹೋಗಿದೆ ಎಂಬರ್ಥದ ಮಾತನ್ನು ಆಡಿದಳೆಂಬ ಆರೋಪದ ಮೇಲೆ ಸೆರೆಯಾಗಿ, ೧೯೪೩ರ ಡಿಸೆಂಬರಿನಲ್ಲಿ ಶಿರಚ್ಛೇದಕ್ಕೆ ಗುರಿಯಾದಳು. ಬಟ್ಟೆ ಹೊಲಿದು ಜೀವಿಸುತ್ತಿದ್ದ ಹೆಂಗಸೊಬ್ಬಳ ಬಾಯಿಮಾತಿಗೆ ಅಷ್ಟು ದೊಡ್ಡ ರಾಜ್ಯವು ಏಕೆ ಹೆದರಬೇಕಿತ್ತು? ಆಕೆ ತನ್ನ ಅನುಮೋದನವನ್ನು ಹಿಂತೆಗೆದುಕೊಂಡಿದ್ದಳು.

ಇಷ್ಟನ್ನು ಓದಿದವರಿಗೆ ಒಂದು ಸಂದೇಹ ಉಳಿಯಬಹುದು. ನಮ್ಮ ದೇಶವನ್ನು ಕಾಯುತ್ತ ಮಡಿದ ಸೈನಿಕನನ್ನು ಗೌರವಿಸುವುದೂ ಅನುಮೋದನವಾಗುವುದೆ? ಆಗುವುದಿಲ್ಲವೆಂದು ನಿಸ್ಸಂಕೋಚವಾಗಿ ಹೇಳಬಹುದು. ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಐದುನೂರಕ್ಕೂ ಹೆಚ್ಚು ಭಾರತೀಯ ಯೋಧರು ಪ್ರಾಣ ತೆತ್ತರು. ಅವರ ತಾಯಂದಿರ ಮುಂದೆ ತಲೆಬಾ­ಗುವುದು ಕೃತಜ್ಞತೆ. ಅವರ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗುವುದು ವಾತ್ಸಲ್ಯ. ಆದರೆ ಆ ದಿನಗಳಲ್ಲಿ ದೂರದರ್ಶನದ ಪರದೆಯ ಮುಂದೆ ಕುಳಿತು, ಎದುರು ಪಕ್ಷದಲ್ಲಿ ಎಷ್ಟು ಮಂದಿ ಸತ್ತರೆಂಬುದನ್ನು ಕ್ರಿಕೆಟ್ ಪಂದ್ಯದ ಓಟಗಳಂತೆ ಎಣಿಸಿದ ಮನೆಗಳೂ ಇದ್ದವು. ಈಗ ಆ ಪರದೆ ಪ್ರತಿಯೊಬ್ಬನ ಅಂಗೈಯಲ್ಲಿದೆ. ಯುದ್ಧದ ದೃಶ್ಯಕ್ಕೆ ಸಂಗೀತವನ್ನು ಜೋಡಿಸಿ ಕಳುಹಿಸುವುದೂ, ಅದನ್ನು ಮೆಚ್ಚುವುದೂ, ಮತ್ತೊಬ್ಬರಿಗೆ ದಾಟಿಸುವುದೂ ಒಂದು ಬೆರಳಿನ ಕೆಲಸ. ಮನ, ವಚನ, ಕಾಯಗಳು ಮೂರೂ ಆ ಒಂದು ಬೆರಳಿನಲ್ಲಿ ಕೂಡಿಕೊಳ್ಳುತ್ತವೆ.

ಇವೆರಡನ್ನು ಬೇರ್ಪಡಿಸಿ ತಿಳಿಯುವ ಬಗೆ ಕಷ್ಟವಾದುದೇನಲ್ಲ. ಗೌರವದಲ್ಲಿ ಶೋಕವಿರುತ್ತದೆ, ಅನುಮೋದನದಲ್ಲಿ ಹರ್ಷವಿರುತ್ತದೆ. ಗೌರವಿಸುವವನು ಇನ್ನೊಮ್ಮೆ ಹೀಗಾಗದಿರಲಿ ಎಂದು ಬಯಸುತ್ತಾನೆ. ಅನುಮೋದಿಸುವವನು ಇನ್ನಷ್ಟು ಆಗಲಿ ಎಂದು ಬಯಸುತ್ತಾನೆ. ಗೌರವಿಸುವವನು ತನ್ನದೇನನ್ನಾದರೂ ಕೊಡುತ್ತಾನೆ, ಅನುಮೋದಿಸುವವನಿಗೆ ಖರ್ಚಿಲ್ಲ. ರಾತ್ರಿಭೋಜನವನ್ನು ಬಿಟ್ಟು, ನೀರನ್ನು ಸೋಸಿ ಕುಡಿದು, ಬೇಳೆಯಲ್ಲಿ ಹುಳುವಿದೆಯೆ ಎಂದು ಆರಿಸಿ ನೋಡುವ ಮನೆಯಲ್ಲಿ, ಅದೇ ಸಂಜೆ ಸಾವಿನ ಸುದ್ದಿಗೆ ಚಪ್ಪಾಳೆ ಬಿದ್ದರೆ, ಸೋಸುಬಟ್ಟೆಯ ತೂತು ಎಲ್ಲಿದೆಯೆಂದು ನಾವೇ ಹುಡುಕಿಕೊಳ್ಳಬೇಕಾಗುತ್ತದೆ.

ಬಸದಿಗಳ ಧರ್ಮದರ್ಶಿಗಳೂ ಪಾಠಶಾಲೆಗಳನ್ನು ನಡೆಸುವವರೂ ಇಲ್ಲಿ ಮಾಡಬಹುದಾದ ಕಾರ್ಯವಿದೆ. ನಮ್ಮ ಮಕ್ಕಳಿಗೆ ಬಾಹುಬಲಿಯ ಕಥೆಯನ್ನು ಹೇಳುವಾಗ ಮಲ್ಲಯುದ್ಧದ ವರ್ಣನೆಗೆ ಕೊಡುವಷ್ಟೇ ಸಮಯವನ್ನು ಆ ಮಂತ್ರಿಗಳ ಆಲೋಚನೆಗೂ ಕೊಡಬೇಕು. ಸೈನ್ಯಕ್ಕೆ ಸೇರಬಯಸುವ ತರುಣನು ನಮ್ಮಲ್ಲಿದ್ದರೆ ಅವನನ್ನು ಹೀಯಾಳಿಸಬಾರದು, ಸೇರಲೊಲ್ಲದವನನ್ನು ಹೇಡಿಯೆನ್ನಲೂಬಾರದು. ನಿರ್ಣಯವು ಅವನದು, ಬೆಲೆಯನ್ನು ತೆರುವವನೂ ಅವನೇ. ಹಿರಿಯರು ಅವನಿಗೆ ಕೊಡಬೇಕಾದುದು ನಿಜಸ್ಥಿತಿಯ ಅರಿವು. ಹತ್ತೊಂಬತ್ತರ ಹುಡುಗನ ಮುಂದೆ ನಿಂತು ಮಾತನಾಡುವ ಪ್ರತಿಯೊಬ್ಬನೂ, ಅವನು ಉಪಾಧ್ಯಾಯನಿರಲಿ, ಉಪನ್ಯಾಸಕನಿರಲಿ, ತಂದೆಯೇ ಇರಲಿ, ತನ್ನ ಮಾತಿನ ಬೆಲೆಯನ್ನು ಯಾರು ತೆರುತ್ತಾರೆಂದು ಮೊದಲು ಕೇಳಿಕೊಳ್ಳಬೇಕು.

ಕಾದಂಬರಿಯ ಕೊನೆಯಲ್ಲಿ, ೧೯೧೮ರ ಅಕ್ಟೋಬರಿನ ಒಂದು ದಿನ, ಯುದ್ಧವು ಮುಗಿಯಲು ಕೆಲವೇ ವಾರಗಳಿರುವಾಗ, ಪೌಲನೂ ಮಡಿಯುತ್ತಾನೆ. ರಣರಂಗವು ಅಂದು ಎಷ್ಟು ಶಾಂತವಾಗಿತ್ತೆಂದರೆ, ಪಶ್ಚಿಮದಲ್ಲಿ ವರದಿ ಮಾಡತಕ್ಕ ಹೊಸದೇನೂ ಇಲ್ಲವೆಂದು ಸೇನೆಯ ಪ್ರಕಟಣೆ ತಿಳಿಸಿತು. ಅದನ್ನು ಓದಿದ ಊರಿನವರು ಅಂದು ನೆಮ್ಮದಿಯಿಂದ ಮಲಗಿರಬೇಕು. ಸಾಮಾಯಿಕದ ವೇಳೆಯಲ್ಲಿ ನಾವು ಮಣಿಗಳನ್ನು ಎಣಿಸುವಾಗ, ಆ ೧೦೮ರಲ್ಲಿ ಮೂರನೆಯ ಒಂದು ಪಾಲು, ಮೂವತ್ತಾರು ಮಣಿಗಳು, ತಾವು ಏನನ್ನೂ ಮಾಡದೆ, ಏನನ್ನೂ ಮಾಡಿಸದೆ, ಕೇವಲ ಮೆಚ್ಚಿದವರಿಗಾಗಿ ಇವೆ ಎಂಬುದನ್ನು ನೆನೆಯೋಣ. ಆ ಮಣಿಗಳ ಮೇಲೆ ಬೆರಳು ಅವಸರದಿಂದ ಜಾರದಿರಲಿ.